ನಿನ್ನ ಪರವಾಗಿ ನಾನಂದ ‘ಯೆಸ್’

ಶಿವಮೊಗ್ಗ
೧೧ ಜನವರಿ ೧೯೪೪, ಮಂಗಳವಾರ

ನನ್ನ ಮುದ್ದಿನ ತಂಗಿ ಜಹೀದಾಗೆ,

ನಿನ್ನ ಮಂಜೂರ್ ಭಾಯ್‌ನ ಸಲಾಂ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಮನೆಯಲ್ಲಿ ಅದನ್ನು ಓದುವವಳು ನೀನೊಬ್ಬಳೇ. ಅಬ್ಬಾ ಕೇಳಿದರೆ ಪರೀಕ್ಷೆಯ ವಿಷಯ ಬರೆದಿದ್ದಾನೆ ಅನ್ನು.

ನೀನು ಗಂಡನ ಮನೆ ಬಿಟ್ಟು ನ್ಯಾಮತಿಯಿಂದ ಹೊನ್ನಾಳಿಗೆ ಬಂದು ಇಪ್ಪತ್ತು ದಿನವಾಯಿತೆಂದು ಅಬ್ಬಾ ಬರೆದಿದ್ದಾರೆ. ಶುಕ್ರವಾರ ನಮಾಜಾದ ಮೇಲೆ ಜಮಾತಿನ ಹಿರಿಯರು ಕೂಡುತ್ತಾರಂತೆ. “ಈ ನಿಕಾಹ್‌ಗೆ ನಾನು ಒಪ್ಪಿರಲೇ ಇಲ್ಲ” ಎಂದು ನೀನು. “ಒಪ್ಪಿದ್ದಳು, ಅವಳ ಅಣ್ಣನೇ ನಿಕಾಹ್‌ನಲ್ಲಿ ಅವಳ ಪರ ವಕೀಲನಾಗಿ ಒಳಗೆ ಹೋಗಿ ಒಪ್ಪಿಗೆ ಕೇಳಿಕೊಂಡು ಬಂದಿದ್ದ” ಎಂದು ಗಂಡನ ಮನೆಯವರು. ನಾನು ಬಂದು ಹೇಳಬೇಕಂತೆ. ನಾನು ಏನು ಹೇಳುತ್ತೇನೋ ಅದರ ಮೇಲೆ ನಿನ್ನನ್ನು ಮತ್ತೆ ನ್ಯಾಮತಿಯ ಗಾಡಿ ಹತ್ತಿಸುವುದೋ ಬಿಡುವುದೋ ಎಂಬ ತೀರ್ಮಾನ.



ಇಲ್ಲಿ ನಾನು ದಿನಕ್ಕೆ ನೂರು ಸಲ ಹೇಳುವ ಪದ ಒಂದೇ, ‘ಯೆಸ್’. ಹಾಜರಿ ಕರೆದರೆ ಯೆಸ್ ಸರ್. ಪಾಠ ತಲೆಗೆ ಹೋಗದಿದ್ದರೂ ಯೆಸ್ ಸರ್. ಯಾರೋ ಮಾಡಿದ ಗದ್ದಲಕ್ಕೆ ವಾರ್ಡನ್ ನನ್ನನ್ನು ಹಿಡಿದು ನೀನೇನಾ ಅಂದರೂ, ಹೆದರಿಕೆಗೆ ಮೊದಲು ಹೊರಡುವುದು ಅದೇ. ಅಡುಗೆಯ ಅಲ್ಲಾವುದ್ದೀನ್ ಚಾಚಾ ಮೊನ್ನೆ ಸೌಟು ಹಿಡಿದು ನಿಂತು, “ಏನ್ರೀ ಸಾಹೇಬ್ರೆ, ಸಾರು ಹೆಂಗೈತೆ ಅಂದ್ರೂ ಯೆಸ್, ಹಾಕ್ಲಾ ಅಂದ್ರೂ ಯೆಸ್, ಸಾಕಾ ಅಂದ್ರೂ ಯೆಸ್! ನಿಮಗೆ ಅನ್ನ ಹಾಕಾಕೆ ನಾನು ಜ್ಯೋತಿಷ್ಯ ಕಲೀಬೇಕಾ?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ತಟ್ಟೆ ಬಿಟ್ಟು ಎದ್ದೆ.

ಹತ್ತನೇ ವಯಸ್ಸಿನಿಂದ ಹಾಸ್ಟೆಲುಗಳಲ್ಲಿ ಬೆಳೆದವನಿಗೆ ಅದೊಂದು ಬಾಗಿಲ ಚಿಲಕದ ಹಾಗೆ. ಹಾಕಿಕೊಂಡರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ನಿಕಾಹ್‌ನ ದಿನವೂ ಹಾಗೇ ಆಯಿತು. ಸಾಕ್ಷಿಗಳಾದ ಮಾಮಾ ಇಬ್ಬರೂ ಹೆಂಗಸರ ಕೋಣೆಯ ಹೊಸ್ತಿಲಾಚೆಯೇ ನಿಂತರು. ಪಕ್ಕದ ಮನೆಯ ಚಮನಬಿ ಖಾಲಾ, “ಹೋಗಪ್ಪಾ, ಹುಡುಗೀರು ಎಲ್ಲಾದ್ರೂ ಬಾಯಿ ಬಿಡ್ತಾರಾ? ಸುಮ್ಕಿದ್ರೆ ಒಪ್ಪಿದಂಗೇ” ಎಂದು ನನ್ನನ್ನು ಒಳಗೆ ತಳ್ಳಿದಳು. ನೀನು ತಲೆ ತಗ್ಗಿಸಿ ಸುಮ್ಮನೆ ಕೂತಿದ್ದೆ. ನಾನೂ ಹಾಗೇ ತಿಳಿದು ಹೊರಗೆ ಬಂದೆ.

ಖಾಜಿ ಸಾಹೇಬರು ಅವಸರ ಮಾಡಲಿಲ್ಲ, ತಪ್ಪನ್ನು ಅವರ ಮೇಲೆ ಹಾಕಲಾರೆ. “ಹುಡುಗಿ ಒಪ್ಪಿದಳೇನಪ್ಪಾ?” ಎಂದು ಎರಡು ಸಲ ಕೇಳಿದರು. ಮದುಮಗನ ತಮ್ಮ, “ಹಾಸ್ಟೆಲ್‌ನಾಗೆ ಓದಿದ ದೊರೆ ಕಣ್ರೀ, ಇಂಗ್ಲಿಷ್‌ನಾಗೆ ಕೇಳ್ರಿ, ಬಾಯಿ ಬಿಡ್ತಾನೆ” ಅಂದ. ಚಪ್ಪರವೆಲ್ಲ ನಕ್ಕಿತು. ಅಬ್ಬಾ ನಗಲಿಲ್ಲ. ಪಾತ್ರೆಗೆ ಕಲಾಯಿ ಹಾಕಿ ಹಾಕಿ ಕಪ್ಪಾದ ಬೆರಳುಗಳಲ್ಲಿ ಶೇರ್ವಾನಿಯ ಗುಂಡಿ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದರು. ‘ಯೆಸ್’ ಅಂದುಬಿಟ್ಟೆ. ಮನೆಮಾತಿನಲ್ಲಿ ಹೇಳಬೇಕಾಗಿದ್ದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತೇನೋ. ಇದು ಸಲೀಸಾಗಿ ಜಾರಿತು. ಆಗಲೇ ಖರ್ಜೂರ ಹಂಚಿದರು.

ನಿನ್ನ ಗಂಡನಾದವರು ಕೆಟ್ಟವರಲ್ಲ ಎಂದು ಅಬ್ಬಾ ಬರೆದಿದ್ದಾರೆ. ಇರಬಹುದು. ಅವರಿಗೆ ನಲವತ್ತು, ನಿನಗೆ ಹದಿನಾರು.

ವಾರ್ಡನ್ ರಜೆ ಕೊಟ್ಟರೆ, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ದಾರಿಯಲ್ಲಿ ಕೆಡದಿದ್ದರೆ, ಗುರುವಾರ ಸಂಜೆಗೆ ಬರುತ್ತೇನೆ. ಅಳಬೇಡ ಎಂದು ಬರೆಯಲು ನನಗೆ ಯಾವ ಮುಖವಿದೆ?

ನಿನ್ನ ಎದುರು ತಲೆ ಎತ್ತಲಾರದ,
ಮಂಜೂರ್ ಭಾಯ್

ತಾ.ಕ.: ನೀನು ಸುಮ್ಮನೆ ಕೂತಿದ್ದೆ ಎಂದು ಬರೆದದ್ದು ಸುಳ್ಳು. ನಿನಗೆ ಗೊತ್ತಿರುವುದನ್ನೇ ನಿನಗೆ ಸುಳ್ಳು ಹೇಳುವಷ್ಟು ಅಂಜುಬುರುಕ ನಾನು. ನೀನು ನನ್ನ ಮಣಿಕಟ್ಟು ಹಿಡಿದು, “ಒಲ್ಲೆ ಭಾಯ್, ಹೋಗಿ ಹೇಳು” ಅಂದೆ. ಮಾಮಾಗಳಿಗೆ ಕೇಳಲಿಲ್ಲ. ನನಗೆ ಕೇಳಿಸಿತು. ಹಿರಿಯರೆಲ್ಲ ನೋಡುತ್ತಿರುವಾಗ ನನ್ನ ಬಾಯಿ ಏನನ್ನುತ್ತದೋ ನನಗೇ ನಂಬಿಕೆಯಿಲ್ಲ, ಜಹೀದಾ. ನನ್ನನ್ನು ಕಾಯಬೇಡ. ಈ ಕಾಗದವನ್ನೇ ಖಾಜಿ ಸಾಹೇಬರ ಕೈಗೆ ಕೊಡು, ಕನ್ನಡ ಬಲ್ಲವರು ಯಾರಾದರೂ ಎಲ್ಲರಿಗೂ ಕೇಳುವಂತೆ ಓದಲಿ: ನನ್ನ ತಂಗಿ ಒಪ್ಪಿರಲಿಲ್ಲ.

ಮಂಜೂರ್ ಅಹ್ಮದ್,
ಹೊನ್ನಾಳಿ ಗೌಸ್‌ಪೀರ್ ಸಾಬರ ಮಗ, ನಿಕಾಹ್‌ನ ವಕೀಲ