ಸೋಡಾ ಕೇಳುವವರಿಗೊಂದು ತಲೆಬರಹ

ಜೋಗುಪಾಳ್ಯ, ಬೆಂಗಳೂರು
14 ಜೂನ್ 2009, ಭಾನುವಾರ

ಪ್ರೀತಿಯ ಮಗಳು ಶ್ರೇಯಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಧಾರವಾಡದ ಹಾಸ್ಟೆಲಿನಲ್ಲಿ ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ, ಪರೀಕ್ಷೆ ದಾಟಿ ಮುಂದೆ ಹೋಗುವುದಿಲ್ಲ. ತಡವಾಗಿದ್ದಕ್ಕೆ ಕ್ಷಮಿಸು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಮಾತ್ರ ನನ್ನ ಜೊತೆಗೇ ಇದೇ ಮನೆಯಲ್ಲಿ ಬಾಡಿಗೆಗಿದೆ.

ಇಂದಿರಾನಗರದ ಆಫೀಸಿಗೆ ಸೇರಿ ಐದು ತಿಂಗಳಾಯಿತು. ಶಾಲೆಯಲ್ಲಿ ಕನ್ನಡ ಮೀಡಿಯಂ ಮುಚ್ಚಿದಾಗ, ಐವತ್ತರ ಹೆಂಗಸಿಗೆ ಇನ್ಯಾರು ಕೆಲಸ ಕೊಡುತ್ತಾರೆ ಎಂದು ಅತ್ತಿದ್ದೆನಲ್ಲ, ಈಗ ಇಂಟರ್‌ನೆಟ್ಟಿಗೆ ಆರೋಗ್ಯದ ಲೇಖನ ಬರೆಯುತ್ತಿದ್ದೇನೆ. ನಮ್ಮ ಸಂಪಾದಕ ಲಕ್ಷ್ಮಿಕಾಂತ ನಿನಗಿಂತ ಆರೇಳು ವರ್ಷ ದೊಡ್ಡವನು. ನನ್ನನ್ನು ಮೇಡಂ ಅನ್ನುತ್ತಾನೆ, ನಾನು ಅವನನ್ನು ಸರ್ ಅನ್ನುತ್ತೇನೆ, ಇಬ್ಬರಿಗೂ ಮುಜುಗರ.

ಮಾರ್ಚಿನಲ್ಲಿ ಹೃದಯಾಘಾತದ ಬಗ್ಗೆ ಒಂದು ಲೇಖನ ಬರೆದೆ. ಹಲಸೂರಿನ ಡಾಕ್ಟರೊಬ್ಬರ ಹತ್ತಿರ ಮೂರು ಸಲ ಹೋಗಿ ಒಂದೊಂದು ಮಾತನ್ನೂ ತಿದ್ದಿಸಿಕೊಂಡು ಬಂದೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ, ತಲೆಬರಹ ಮಾತ್ರ ‘ಮಿಡಿವ ಜೀವದ ಮೌನ ಕರೆ’ ಎಂದು ಕೊಟ್ಟೆ. ಮೂರು ವಾರದಲ್ಲಿ ಅದನ್ನು ತೆರೆದಿದ್ದು ಹನ್ನೊಂದು ಸಲ. ಯಾವ ಲೇಖನಕ್ಕೆ ಎಷ್ಟು ಜನ ಬಂದರು, ಏನು ಹುಡುಕಿಕೊಂಡು ಬಂದರು ಎಂದು ನೋಡುವವಳು ಶಿವಾಜಿನಗರದ ಜಹನಾರಾ. ಆ ಹನ್ನೊಂದರಲ್ಲಿ ಏಳು ಸಲ ತೆರೆದವಳು ನಾನೇ ಅಂತ ಅವಳು ಮೆಲ್ಲಗೆ ಕಿವಿಯಲ್ಲಿ ಹೇಳಿದಳು.

ಒಳ್ಳೆಯ ಹುಡುಗಿ. ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಪಾಠ ಮಾಡಿದಳು. ಗೂಗಲ್‌ಗೆ ನಮ್ಮ ಕವಿತ್ವ ಗೊತ್ತಾಗುವುದಿಲ್ಲವಂತೆ. ಜನ ಟೈಪ್ ಮಾಡುವ ಮಾತು ತಲೆಬರಹದಲ್ಲಿದ್ದರೆ ತಂದು ಮುಂದಿಡುತ್ತದೆ, ತಲೆಬರಹ ಉದ್ದವಾದರೆ ಬಾಲ ಕತ್ತರಿಸಿ ತೋರಿಸುತ್ತದೆ, ಅದಕ್ಕೇ ಮುಖ್ಯವಾದ ಮಾತು ಮುಂದೆ ಬರಬೇಕಂತೆ. ಮೂವತ್ತು ವರ್ಷ ಮಕ್ಕಳಿಗೆ ತಲೆಬರಹ ಕೊಡಿ ಎಂದು ಪ್ರಶ್ನೆ ಕೇಳಿ ಎರಡು ಅಂಕ ಹಾಕಿದವಳು ನಾನು. ನನಗೆ ಸೊನ್ನೆ ಬಂತು.

‘ಹೃದಯಾಘಾತದ ಲಕ್ಷಣಗಳು’ ಎಂದು ಬದಲಾಯಿಸಿದೆ. ಜನ ಬಂದರು. ಲಕ್ಷ್ಮಿಕಾಂತನಿಗೆ ಸಂತೋಷವಾಯಿತು, ನನಗೆ ಆಗಲಿಲ್ಲ. ಎದೆ ನೋಯುತ್ತಿರುವವನು ಹೃದಯಾಘಾತ ಎಂದು ಯಾಕೆ ಹುಡುಕುತ್ತಾನೆ? ಅದು ಹೃದಯವೆಂದು ಗೊತ್ತಿದ್ದರೆ ಅವನು ಆಸ್ಪತ್ರೆಯಲ್ಲೇ ಇರುತ್ತಿದ್ದ. ಈ ಯೋಚನೆ ಹೊಕ್ಕ ಮೇಲೆ ನಾನು ಸಂಜೆ ಆಫೀಸಿನಿಂದ ಬಂದವಳು ನಮ್ಮ ಬೀದಿಯ ಮುನಿಆಂಜನಪ್ಪನ ಸೋಡಾ ಅಂಗಡಿಯ ಮುಂದೆ ಸ್ಟೂಲು ಹಾಕಿಸಿಕೊಂಡು ಕೂರತೊಡಗಿದೆ. ಹತ್ತು ಸಂಜೆ ಕೂತೆ. ಎದೆ ಉಜ್ಜಿಕೊಳ್ಳುತ್ತಾ ಬಂದವರು ಆರು ಜನ. ಆರೂ ಜನ ಹೇಳಿದ್ದು ಒಂದೇ: “ಗ್ಯಾಸ್ ಹಿಡ್ಕೊಂಡ್ಬಿಟ್ಟಿದೆ, ಒಂದು ಸೋಡಾ ಕೊಡಿ.” ಒಬ್ಬರ ಬಾಯಲ್ಲೂ ಹೃದಯ ಬರಲಿಲ್ಲ. ಒಬ್ಬರು ಬೆವರುತ್ತಿದ್ದರು, ಅವರನ್ನು ಬೈದು ಆಟೋ ಹತ್ತಿಸಿದೆ. ಬೀದಿಯಲ್ಲಿ ನನಗೆ ಈಗ ಜಗಳಗಂಟಿ ಎಂಬ ಹೆಸರು ಬಂದಿದೆ.

ಜಹನಾರಾಳನ್ನು ಕೇಳಿದೆ. ಅವಳ ಪಟ್ಟಿಯಲ್ಲೂ ಅದೇ ಇತ್ತು. ಎದೆ ಗ್ಯಾಸ್, ಮನೆ ಮದ್ದು ಎಂದು ದಿನಾ ಹುಡುಕುತ್ತಾರೆ. ಹಾಗಾದರೆ ನನ್ನ ಲೇಖನಕ್ಕೆ ಅದೇ ಬಾಗಿಲು ಇಡಬೇಕು ಎಂದೆ. ಲಕ್ಷ್ಮಿಕಾಂತ ಕುಣಿದುಬಿಟ್ಟ. ತಾನೇ ತಲೆಬರಹ ಬರೆದ: ‘ಒಂದೇ ಗುಟುಕಿಗೆ ಎದೆಯ ಗ್ಯಾಸ್ ಮಾಯ’.

ನಾನು ಆಗುವುದಿಲ್ಲ ಎಂದೆ. ಅವನು ಸಮಾಧಾನವಾಗಿಯೇ ಹೇಳಿದ: “ಮೊದ್ಲು ಒಳಗೆ ಬರ್ಲಿ ಮೇಡಂ, ಬಂದ್ಮೇಲೆ ಆಸ್ಪತ್ರೆಗೆ ಹೋಗಿ ಅಂತ ಹೇಳ್ಕೊಳ್ಳಿ.”

“ತಲೆಬರಹ ಓದ್ಕೊಂಡೇ ಸೋಡಾ ತರೋಕೆ ಹೋದೋನು ಒಳಗೆ ಬರೋದೇ ಇಲ್ಲ ಸರ್,” ಎಂದೆ.

ಅವನದೂ ಕಷ್ಟವಿದೆ, ಜಾಹೀರಾತಿನವರು ಬಂದವರ ತಲೆ ಎಣಿಸುತ್ತಾರೆ. ನಾನೇ ಕೂತು ಎಂಟು ತಲೆಬರಹ ಬರೆದು ಹರಿದೆ. ಹೆದರಿಸುವುದು ಬೇಡ, ಆಸೆ ಹುಟ್ಟಿಸುವುದು ಬೇಡ, ತೆರೆಯದೆ ಹೋದವನಿಗೂ ಮಾಡಬೇಕಾದ್ದು ತಿಳಿಯಬೇಕು. ಕೊನೆಗೆ ನಿಂತಿದ್ದು ಇದು: ‘ಎದೆಯಲ್ಲಿ ಗ್ಯಾಸ್, ಜೊತೆಗೆ ಬೆವರು? ಕೂಡಲೇ ಆಸ್ಪತ್ರೆಗೆ ಹೋಗಿ’. ಡಾಕ್ಟರು ಸರಿ ಎಂದು ತಲೆಯಾಡಿಸಿದರು. ಲಕ್ಷ್ಮಿಕಾಂತ ಒಂದು ತಿಂಗಳು ಕೊಟ್ಟಿದ್ದಾನೆ. ಜನ ಬರದಿದ್ದರೆ ಅವನ ತಲೆಬರಹವಂತೆ. ಹಾಗಾದರೆ ಕೆಳಗೆ ನನ್ನ ಹೆಸರು ತೆಗೆಯಿರಿ, ನನ್ನನ್ನೂ ತೆಗೆಯಿರಿ ಎಂದು ಹೇಳಿಬಂದಿದ್ದೇನೆ. ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ ಶ್ರೇಯಾ.

22ನೇ ತಾರೀಖು ಸೋಮವಾರ ಲೇಖನ ಹೊಸ ತಲೆಬರಹ ಹೊತ್ತು ಮತ್ತೆ ಹೊರಗೆ ಬರುತ್ತದೆ. ತಲೆಬರಹ ಕೊಟ್ಟ ಮಾತನ್ನು ಮೊದಲ ಸಾಲೇ ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಓದುವವರು ನಂಬುವುದಿಲ್ಲ ಎಂದಳು ಜಹನಾರಾ. ಆ ಸಾಲನ್ನು ನೀನು ನೋಡುವ ಮೊದಲು ಬೇರೆ ಯಾರಿಗೂ ಕೊಡುವುದಿಲ್ಲ ಎಂದಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹಾಸ್ಟೆಲಿನ ಸಾರಿಗೆ ಬೇಕಾಗುತ್ತದೆಂದು ಚಟ್ನಿಪುಡಿ ಕಳಿಸುತ್ತಿದ್ದೇನೆ. ನಿನ್ನ ಓದು, ನಿನ್ನ ಆರೋಗ್ಯ, ನಿನ್ನ ನಗು ಮೂರೂ ಕೆಡದಿರಲಿ.

ನಿನ್ನ ಅಮ್ಮ,
ವಿಮಲಾಕ್ಷಿ

ತಾ.ಕ.: ಮೊದಲ ಸಾಲು ಇದು. ‘ನನ್ನ ಗಂಡ ಎದೆ ಹಿಡಿದುಕೊಂಡು ಗ್ಯಾಸ್ ಎಂದಾಗ ನಾನು ಓಮದ ನೀರು ಕೊಟ್ಟು ಮಲಗಿಸಿದೆ, ಆಟೋ ಕರೆಯುತ್ತೇನೆಂದ ಮಗಳನ್ನು ಬೇಡವೆಂದು ತಡೆದೆ.’ ನಿನ್ನ ಅತ್ತೆಯರೆಲ್ಲ ಬಂದು ಕೇಳಿದಾಗ, ನಿನ್ನ ಅಪ್ಪನಿಗೆ ಯಾವ ನೋವೂ ಕಾಣಿಸಲಿಲ್ಲ, ಕ್ಷಣದಲ್ಲಿ ಹೋಗಿಬಿಟ್ಟರು ಎಂದೆ. ನೀನು ಅಲ್ಲೇ ಇದ್ದೆ, ಕೇಳಿಸಿಕೊಂಡೆ. ಹದಿನಾಲ್ಕು ವರ್ಷದ ಮಗು. ನನ್ನನ್ನು ಬಿಟ್ಟುಕೊಡಲಿಲ್ಲ. ಏಳು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಅವತ್ತು ಬೆಳಿಗ್ಗೆ ನೀನು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದೆ. ನೀನು ಹೇಳಿದ್ದೇ ಸರಿಯಾಗಿತ್ತು ಮಗಳೇ.