ಅಪ್ಪನ ಚೀಟಿ

ಯಲ್ಲಾಪುರ,
ತಾ. ೨೨-೨-೧೯೩೬

ಚಿ. ಸೌ. ಪರಿಮಳೆಗೆ ಗೋವಿಂದನ ಆಶೀರ್ವಾದಗಳು.

ಕಾಲಿನ ಊತ ಇಳಿದಿದೆಯೇ? ಅತ್ತೆಯವರು ಕೊಡುವ ಕಷಾಯವನ್ನು ಮುಖ ಸಿಂಡರಿಸದೆ ಕುಡಿ. ಏಳನೆಯ ತಿಂಗಳಲ್ಲಿ ಇಂಥದನ್ನೆಲ್ಲ ನಿನಗೆ ಬರೆಯಬಾರದು. ಆದರೆ ಬೇರೆ ಯಾರಿಗೆ ಬರೆಯಲಿ?

ಘಟ್ಟದಲ್ಲಿ ಮೋಟಾರು ಓಡಿಸುವ ಅಬ್ದುಲ್ ಗಫೂರನ ಮಗಳು ಸಾಲೇಹಾ ನನ್ನ ನಾಲ್ಕನೆಯ ಇಯತ್ತೆಯಲ್ಲಿದ್ದಾಳೆ. ಹೋದ ವರ್ಷ ಸೋದರಮಾವನೊಬ್ಬ ತಂದೆಗೆ ತಿಳಿಯದಂತೆ ಒಬ್ಬ ಹುಡುಗಿಯನ್ನು ಶಾಲೆಯಿಂದಲೇ ಕರೆದೊಯ್ದು ಮದುವೆ ಮಾಡಿಸಿದ್ದು ನಿನಗೆ ಗೊತ್ತು. ಅಂದಿನಿಂದ ತಂದೆಯ ಸಹಿಯ ಚೀಟಿ ಇಲ್ಲದೆ ನಡುಹೊತ್ತಿನಲ್ಲಿ ಯಾರನ್ನೂ ಬಿಡಬಾರದೆಂದು ನಿಯಮವಾಯಿತು. ನಿಯಮ ಕೆಟ್ಟದ್ದೆಂದು ಇಂದಿಗೂ ಹೇಳಲಾರೆ.

ಹತ್ತು ದಿನಗಳ ಹಿಂದೆ ಹೆಡ್‌ಮಾಸ್ತರರು ಕಾರವಾರಕ್ಕೆ ಹೋಗಿದ್ದರು, ಶಾಲೆ ನನ್ನ ವಶದಲ್ಲಿತ್ತು. ಮಧ್ಯಾಹ್ನ ಎರಡಕ್ಕೆ ಸಾಲೇಹಾಳ ತಾಯಿ ಖತೀಜಾ ಬಂದಳು. ಜೊತೆಗೆ ಮೈದುನ ಅಲ್ಲಾವುದ್ದೀನ್, ರಸ್ತೆಯಲ್ಲಿ ಗಾಡಿ. ಮಗಳನ್ನು ಕಳಿಸಿ, ಮನೆಯಲ್ಲಿ ಕೆಲಸವಿದೆ ಎಂದಳು. ಚೀಟಿ ಕೇಳಿದೆ. "ಬರೆಯೂಕೆ ಅವರಿಂದ ಆಗೂದಿಲ್ಲ, ಮಾಸ್ತರ್ರೇ. ನಾನು ಹೆತ್ತವಳು, ನನ್ನ ಮಾತು ಸಾಕಾಗೂದಿಲ್ವಾ?" ಎಂದಳು. ಹುಡುಗಿ ಬಾಗಿಲಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದಳು. ಬರೆಯಲು ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಿ ತನ್ನಿ ಎಂದು ನಾನು ಒಳಗೆ ಹೋಗಿ ಭಾಗಾಕಾರ ಹೇಳಿಕೊಟ್ಟೆ.

ಅವಳು ಮೆಟ್ಟಿಲ ಮೇಲೆ ಕೂತೇ ಇದ್ದಳು. ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಾಗ, ಗಾಡಿಯ ಬಳಿ ಕಾಯುತ್ತಿದ್ದ ಅಲ್ಲಾವುದ್ದೀನ್ ನನ್ನನ್ನು ಬದಿಗೆ ಕರೆದು ಹೇಳಿದ: ಅರಬೈಲಿನ ತಿರುವಿನಲ್ಲಿ ಮೋಟಾರು ಉರುಳಿದೆ, ಅಣ್ಣ ದವಾಖಾನೆಯಲ್ಲಿದ್ದಾನೆ, ಮಗಳ ಹೆಸರನ್ನೇ ಹೇಳುತ್ತಿದ್ದಾನೆ. ಹುಡುಗಿಯ ಎದುರು ಅದನ್ನು ಹೇಳಲು ತಾಯಿಗೆ ಬಾಯಿ ಬಂದಿರಲಿಲ್ಲ. ಸಾಲೇಹಾಳನ್ನು ಕರೆದುಕೊಂಡು ನಾನೂ ಅವರೊಂದಿಗೆ ಓಡಿದೆ. ನಾವು ದವಾಖಾನೆ ಮುಟ್ಟುವಷ್ಟರಲ್ಲಿ ಗಫೂರನ ಮುಖಕ್ಕೆ ಬಟ್ಟೆ ಎಳೆದಿದ್ದರು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಖತೀಜಾ ಪರದೆಯ ಹಿಂದಿನಿಂದಲೇ ಮಾತಾಡಿದಳು: "ನೀವು ತಿಳಿದು ಮಾಡಿದ್ದಲ್ಲ. ಆದ್ರೆ ನನ್ನನ್ನ ಒಂದ್ಸಲ ಬದಿಗೆ ಕರೆದು ಕೇಳಬಹುದಿತ್ತು." ಬೈದಿದ್ದರೆ ಎದ್ದು ಬರುವುದು ಸುಲಭವಾಗುತ್ತಿತ್ತು. ನೀನಾದರೂ "ಎಂತ ಆತು ಹೇಳಿ ಅವಳ ಹತ್ರ ಕೇಳಿದ್ರಾ?" ಎಂದೇ ಕೇಳುವವಳು. ಸಾಲೇಹಾ ನಿನ್ನೆಯಿಂದ ಶಾಲೆಗೆ ಬರುತ್ತಿದ್ದಾಳೆ. ಹೆಸರು ಕೂಗಿದರೆ ಹಾಜರಿ ಹೇಳುತ್ತಾಳೆ, ಅಷ್ಟೇ. ನನಗೆ ತುಂಬ ದಣಿವಾಗಿದೆ, ಪರಿಮಳಾ. ಪಾಠ ಮಾಡುವಾಗ ಆ ಬಾಗಿಲ ಕಡೆ ನೋಡಲಾಗುತ್ತಿಲ್ಲ.

ಅತ್ತೆ, ಮಾವಯ್ಯನವರಿಗೆ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ಇತಿ,
ಗೋವಿಂದ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಅಲ್ಲಾವುದ್ದೀನ್ ಮೇಲಿನವರಿಗೆ ನನ್ನ ಮೇಲೆ ದೂರಿನ ಅರ್ಜಿ ಕೊಟ್ಟಿದ್ದಾನೆ. ತಾಯಿ ಬಂದದ್ದು ಶಾಲೆ ಬಿಡುವ ಹೊತ್ತಿಗೆ ಎಂದು ಬರೆದುಕೊಟ್ಟರೆ ಇಬ್ಬರೂ ಉಳಿಯುತ್ತೇವೆ ಎಂದರು ಹೆಡ್‌ಮಾಸ್ತರರು. ಎರಡು ಗಂಟೆಗೆ ಬಂದಳು, ನಾನೇ ಮುಕ್ಕಾಲು ಗಂಟೆ ಕಾಯಿಸಿದೆ ಎಂದು ಇಂದು ಬೆಳಿಗ್ಗೆ ಬರೆದು ಸಹಿ ಮಾಡಿದೆ. ಕೂಸು ಹುಟ್ಟುವ ಹೊತ್ತಿಗೆ ನನಗೆ ನೌಕರಿ ಇರಲಿಕ್ಕಿಲ್ಲ. ಮಾವಯ್ಯನವರಿಗೆ ನೀನೇ ಹೇಳು.