ಆಮೆನ್ ಹೇಳುವ ಮೊದಲು

ಸೆಪ್ಟೆಂಬರ್ 12, ಗುರುವಾರ. ಸಂಜೆ, ಕಾರಿನಲ್ಲೇ

ಮತ್ತೆ ತಡ. ಸೆಮಿನರಿಯ, ಅಂದರೆ ನಮ್ಮ ದೈವಶಾಸ್ತ್ರದ ಕಾಲೇಜಿನ, ಪಾರ್ಕಿಂಗಿನಲ್ಲಿ ಕೂತು ಗೀಚುತ್ತಿದ್ದೇನೆ. ಮನೆಗೆ ಹೋದರೆ ಪಾಸ್ಟರ್ ಹೆಂಡತಿಯಾಗಬೇಕು. ಇಲ್ಲಿ ಇನ್ನೊಂದಿಷ್ಟು ಹೊತ್ತು ಯಾರೂ ಅಲ್ಲ. ಐವತ್ತರ ಹತ್ತಿರ ಬಂದವಳಿಗೆ ಈ ಎಂ.ಎ. ಯಾಕೆ ಬೇಕಿತ್ತೋ... ಬೆಳಿಗ್ಗೆ ಬೈಬಲ್ ಕ್ಲಾಸು, ಮಧ್ಯಾಹ್ನ ಕುಟುಂಬ ಚಿಕಿತ್ಸೆಯ ಥಿಯರಿ, ಸಂಜೆ ಕಾಲೇಜಿನ ಸಮಾಲೋಚನೆ ಕ್ಲಿನಿಕ್ಕಿನಲ್ಲಿ ಊರವರ ಜಗಳ. ಪಾದ ಊದಿವೆ.

ಇವತ್ತು ಕ್ಲಿನಿಕ್ಕಿಗೆ ಹೊಸ ಜೋಡಿ. ಹೆಸರು ಬರೆಯುವಂತಿಲ್ಲ. ಅವನು ಟೋಪಿಯವನು: ಬೀಜದ ಕಂಪನಿಯ ಟೋಪಿ, ಒಳಗೂ ತೆಗೆಯುವುದಿಲ್ಲ. ಅವಳು ಕೈಚೀಲದವಳು: ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದಿರುತ್ತಾಳೆ, ಈಗಲೇ ಎದ್ದು ಹೋಗುವವಳ ಹಾಗೆ. ಅವಳನ್ನೊಂದು ಮಾತೂ ಕೇಳದೆ ಅವನು ತನ್ನ ತಾಯಿಯನ್ನು ಮನೆಗೆ ಕರೆತಂದಿದ್ದಾನೆ. ಅಂದಿನಿಂದ ಇವಳು ಮಾತು ಬಿಟ್ಟಿದ್ದಾಳೆ.

ಗೋಡೆಯಲ್ಲಿ ಆಚೆಯಿಂದ ಮಾತ್ರ ಕಾಣುವ ಕನ್ನಡಿಯಿದೆ; ಅದರ ಹಿಂದೆ ಕೂತು ನಮ್ಮನ್ನು ನೋಡುವವರು ನನ್ನ ಮೇಲ್ವಿಚಾರಕಿ ಡಾ. ಕ್ರೆನ್‌ಶಾ, ಜೊತೆಗೆ ಸಹಪಾಠಿ ಟೆರೆಲ್. ನಾನು ಎಡವಿದರೆ ಅಲ್ಲಿಂದ ಫೋನ್. ಇವತ್ತು ಮೂರು ಸಲ ಬಂತು.

ಸೆಪ್ಟೆಂಬರ್ 26

ಕೆಡಿಸಿದೆ.

ಕೈಚೀಲದವಳು ಇವತ್ತು ತಾನಾಗಿಯೇ ಬಾಯಿ ತೆರೆದಳು. "ನಾನೊಂದು ಮಾತು ಹೇಳ್ಬೇಕು." ಅಷ್ಟೇ. ಆಮೇಲೆ ಮೌನ. ಅವನು ಚಾವಣಿ ನೋಡಿದ. ನನಗೆ ತಡೆಯಲಾಗಲಿಲ್ಲ. "ಒಂದ್ನಿಮಿಷ ಪ್ರಾರ್ಥನೆ ಮಾಡೋಣ್ವಾ?" ಎಂದುಬಿಟ್ಟೆ.

ಅವನು ತಟ್ಟನೆ ಟೋಪಿ ತೆಗೆದ. ಎಷ್ಟು ನಿರಾಳ ಅವನಿಗೆ! ನನಗೂ. ಚೆನ್ನಾಗಿಯೇ ಪ್ರಾರ್ಥಿಸಿದೆ, ಚರ್ಚಿನ ಬುಧವಾರದ ಪ್ರಾರ್ಥನಾ ಕೂಟಗಳ ಅಭ್ಯಾಸ ಇದೆಯಲ್ಲ. ಆಮೆನ್ ಎಂದು ಕಣ್ಣು ಬಿಟ್ಟರೆ ಅವಳು ಎದ್ದು ನಿಂತಿದ್ದಳು. "ಥ್ಯಾಂಕ್ಸ್ ಮೇಡಂ."

ಆಮೇಲೆ ಡಾ. ಕ್ರೆನ್‌ಶಾ ಅದರ ವಿಡಿಯೋ ಟೇಪ್ ಹಾಕಿದರು.

"ದೇವರನ್ನ ಕರೆದಿದ್ದು ಯಾರಿಗೋಸ್ಕರ, ನೆಲ್ಡಾ?"

"ಅವರಿಬ್ಬರಿಗೋಸ್ಕರ, ಡಾಕ್ಟ್ರೇ."

"ಇನ್ನೊಂದ್ಸಲ ನೋಡು."

ನೋಡಿದೆ. ನನ್ನ ಮುಖದಲ್ಲಿ ಬೆವರು. ಟೆರೆಲ್ ಹುಡುಗಾಟದವನು, ಸುಮ್ಮನಿರುತ್ತಾನೆಯೇ? "ಪಾಸ್ಟ್ರಮ್ಮಾ, ಫೈರ್ ಇಂಜಿನ್ ಕರೆದಂಗೆ ಕರೆದ್ರಲ್ರೀ. ಬೆಂಕಿನೇ ಹತ್ತಿರ್ಲಿಲ್ಲ!"

ಡಾಕ್ಟರ್ ನಗಲಿಲ್ಲ. "ಪ್ರಾರ್ಥನೆ ತಪ್ಪಲ್ಲಮ್ಮ. ನಾನೂ ಬೆಳಿಗ್ಗೆ ಮೊಣಕಾಲೂರೋಳೇ. ಆದ್ರೆ ಅವಳ ಬಾಯಿಗೆ ಅದನ್ನ ಅಡ್ಡ ಇಟ್ಯಲ್ಲ, ಅದು ತಪ್ಪು. ಇದನ್ನ ಎಲ್ಲಿ ಕಲಿತೆ?"

ಗೊತ್ತಿಲ್ಲ ಎಂದೆ.

ಸೆಪ್ಟೆಂಬರ್ 29, ಭಾನುವಾರ

ಗೊತ್ತಾಯಿತು.

ಸಂಜೆಯ ಆರಾಧನೆ ಮುಗಿಸಿ ಊಟಕ್ಕೆ ಕೂತಿದ್ದೆವು. ಬೇಯಿಸಿದ ಮಾಂಸ, ಜೋಳದ ಬ್ರೆಡ್ಡು. ನನ್ನ ಗಂಡ ವೆಂಡೆಲ್ ಬೆಣ್ಣೆ ಸವರುತ್ತಾ ಹೇಳಿದ, ಕೆಂಟಕಿಯ ಆಚೆ ತುದಿಯ ದೊಡ್ಡ ಚರ್ಚಿನ ಸಭೆಯವರು ಪಾಸ್ಟರಾಗಿ ಬಾ ಎಂದು ಕರೆದಿದ್ದಾರಂತೆ. ಜನವರಿಗೆ.

"ನೀನೇನಂದೆ?"

"ಹೂಂ ಅಂದೆ."

"ಮೇ ತನಕ ನಂಗೆ ಕ್ಲಿನಿಕ್ ಇದೆ. ಮಧ್ಯ ಬಿಟ್ರೆ ಡಿಗ್ರೀನೇ ಇಲ್ಲ."

"ಅದಕ್ಕೂ ಪ್ರಾರ್ಥನೆ ಮಾಡಿದೀನಿ ಕಣೇ. ಬಾ, ಕೈ ಕೊಡು."

ಕೊಟ್ಟೆ. ಕಣ್ಣು ಮುಚ್ಚಿದೆ. ಆಮೆನ್ ಎಂದ ಮೇಲೆ ಜಗಳ ತೆಗೆಯುವುದು ಹೇಗೆ? ದೇವರೆದುರು ಒಪ್ಪಿದ ಹಾಗೇ ಆಯಿತಲ್ಲ. ನಾಲ್ಕು ಊರು ಹೀಗೆಯೇ ಬಿಟ್ಟಿದ್ದೇವೆ. ಪ್ರತಿ ಸಲವೂ ಪರದೆ ಬಿಚ್ಚಿ ಮಡಿಸಿದವಳು ನಾನು. ಅವನು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಯಾವತ್ತೋ ಬಾಯಿ ಮಾಡುತ್ತಿದ್ದೆ.

ಪಾತ್ರೆ ತೊಳೆಯುತ್ತಾ ಅಳು ಬಂತು. ಅಳುವುದಕ್ಕೂ ಸುಸ್ತು.

ಅಕ್ಟೋಬರ್ 3

ಜೋಡಿ ಬರಲಿಲ್ಲ. ಖಾಲಿ ಕುರ್ಚಿಗಳೆದುರು ಕೂತಿದ್ದೆ.

ಅಕ್ಟೋಬರ್ 10

ಇವತ್ತೂ ಇಲ್ಲ. ಡಾಕ್ಟರ್ ನನ್ನ ಕೈಯಲ್ಲೇ ಫೋನ್ ಮಾಡಿಸಿದರು. ಅವಳೇ ಎತ್ತಿದಳು. "ಅವತ್ತು ನೀವು ಮಾತಾಡೋದಿತ್ತು. ನಾನು ಅಡ್ಡ ಬಂದೆ. ತಪ್ಪಾಯ್ತು." ಆ ಕಡೆ ಅತ್ತೆಯ ಟಿವಿಯ ಸದ್ದು ಮಾತ್ರ. ಆಮೇಲೆ, "ನೋಡ್ತೀನಿ ಮೇಡಂ."

ಕ್ಲಿನಿಕ್ ಬಿಡುವ ವಿಷಯ ಡಾಕ್ಟರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮನೆಯಲ್ಲಿ ವೆಂಡೆಲ್ ರಟ್ಟಿನ ಪೆಟ್ಟಿಗೆ ತಂದಿಟ್ಟಿದ್ದಾನೆ.

ಅಕ್ಟೋಬರ್ 24. ಕಾರಿನಲ್ಲಿ

ಬಂದರು!

ಮತ್ತೆ ಅದೇ ಮೌನ. ಪ್ರಾರ್ಥನೆ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು... ಫೋನ್ ರಿಂಗಾಯಿತು, ಡಾಕ್ಟರ್. "ಬಾಯ್ ಮುಚ್ಕೊಂಡು ಕೂತ್ಕೋ, ನೆಲ್ಡಾ. ದೇವರಿಗೆ ಕಾಯೋಕೆ ಬರುತ್ತೆ."

ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಅವಳು ಅವನ ಕಡೆ ತಿರುಗಿದಳು. "ನೀನು ಪ್ರಾರ್ಥನೆ ಮಾಡುವಾಗ ನಾನು ಕಣ್ ಮುಚ್ಚಲ್ಲ, ಗೊತ್ತಾ? ನಿನ್ನೇ ನೋಡ್ತಿರ್ತೀನಿ. ನನ್ ಹೆಸರು ಯಾವಾಗ ಬರುತ್ತೆ ಅಂತ. ನಿಮ್ಮಮ್ಮಂದು ಬರುತ್ತೆ. ಕಾಲ್ ಮುರ್ಕೊಂಡಿದ್ ಹಸುದೂ ಬಂತು. ನಂದ್ ಮಾತ್ರ ಬರ್ಲೇ ಇಲ್ಲ."

ಅವನು ಟೋಪಿ ತೆಗೆದ. ಪ್ರಾರ್ಥನೆಗಲ್ಲ. ಮಡಿಲಲ್ಲಿಟ್ಟುಕೊಂಡು ಅದರ ಅಂಚು ಉಜ್ಜುತ್ತಾ ಕೂತ. "ನಂಗ್ ಹೊಳೀಲೇ ಇಲ್ವಲ್ಲೇ," ಎಂದ. "ಅಮ್ಮನ್ನ ಕರ್ಕೊಂಡ್ ಬರೋ ಮುಂಚೆ ನಿನ್ನ ಕೇಳಿದ್ರೆ, ಬೇಡ ಅಂತೀಯೇನೋ ಅಂತ ಹೆದರ್ಕೆ ಇತ್ತು."

"ಬೇಡ ಅಂತಿರ್ಲಿಲ್ಲ. ಕೇಳಿದ್ರೆ ಸಾಕಾಗಿತ್ತು."

ಅವಳು ಕೈಚೀಲವನ್ನು ನೆಲದ ಮೇಲಿಟ್ಟಳು.

ಹೊರಗೆ ಬಂದಾಗ ಟೆರೆಲ್ ಗೇಲಿ ಮಾಡಲಿಲ್ಲ. ಕಾಫಿ ತಂದುಕೊಟ್ಟ, ಆರಿತ್ತು, ಕುಡಿದೆ.

ಅಕ್ಟೋಬರ್ 27, ಭಾನುವಾರ. ಬಟ್ಟೆ ಒಗೆಯುವ ಕೋಣೆ

ಬೇಗ ಬರೆದುಬಿಡುತ್ತೇನೆ.

ಊಟ ಮುಗಿದಿತ್ತು. ನಾಳೆ ಮನೆ ನೋಡಲು ಜನ ಬರುತ್ತಾರೆ ಎಂದ. ನಾನು "ವೆಂಡೆಲ್..." ಎನ್ನುವಷ್ಟರಲ್ಲಿ, "ಬಾ ಕಣೇ, ಕೈ ಕೊಡು" ಎಂದ.

ಕೊಟ್ಟೆ. ಕಣ್ಣು ಮುಚ್ಚಲಿಲ್ಲ. ಮದುವೆಯಾದಂದಿನಿಂದ ಇದೇ ಮೊದಲು.

ಹೊಸ ಸಭೆಗೋಸ್ಕರ ಬೇಡಿಕೊಂಡ. ಅಲ್ಲಿನ ಸೋರುವ ಮಾಡಿಗೆ, ಹಿರಿಯರಿಗೆ, ಸಾಮಾನು ಸಾಗಿಸುವ ಲಾರಿಗೆ. "ನೀನು ಕೊಟ್ಟ ಸಹಾಯಕಿಗೆ" ಎಂದ. ಅದು ನಾನು. ಮುಖ ನೋಡಿದೆ. ಅವನ ಕಣ್ಣೂ ತೆರೆದೇ ಇತ್ತು! ನನ್ನನ್ನೇ ನೋಡುತ್ತಿದ್ದ, ಹೆದರಿದವನ ಹಾಗೆ. ಎಷ್ಟು ವರ್ಷದಿಂದ ಹೀಗೆ ನೋಡುತ್ತಿದ್ದನೋ, ದೇವರೇ.

"ಆಮೆನ್ ಅನ್ಬೇಡ," ಎಂದೆ.

"ಯಾಕೆ?"

"ನಂದಿನ್ನೂ ಆಗಿಲ್ಲ. ಜನವರಿಗೆ ನಾನು ಬರಲ್ಲ, ವೆಂಡೆಲ್. ಮೇ ತನಕ ಇಲ್ಲೇ ಇರ್ತೀನಿ. ಆಮೇಲಿನ ಮಾತು, ನೀನು ಕೇಳಿದ್ರೆ ಹೇಳ್ತೀನಿ."

"ಹಿಂಗೆ ಪ್ರಾರ್ಥನೆ ಮಧ್ಯದಲ್ಲಾ?"

"ಹೂಂ. ಆತನೂ ಕೇಳಿಸ್ಕೊಳ್ಳಲಿ."

ಅವನ ತುಟಿ ಅಲುಗಿತು. ಮತ್ತೆ "ತಂದೆಯೇ" ಎನ್ನುತ್ತಾನೆ ಅಂದುಕೊಂಡೆ. ಎನ್ನಲಿಲ್ಲ. ಕೈಯನ್ನೂ ಬಿಡಲಿಲ್ಲ. ನಾನೇ ಬಿಡಿಸಿಕೊಂಡು ಇಲ್ಲಿಗೆ ಬಂದೆ. ಗೆದ್ದೆ ಎನ್ನಿಸುವುದಿಲ್ಲ. ನಿದ್ದೆ ಬರುತ್ತಿದೆ, ಅಷ್ಟೇ. ಡ್ರೈಯರಿನಲ್ಲಿ ಅವನ ಅಂಗಿಗಳು ತಿರುಗುತ್ತಿವೆ.

ಕುರ್ಚಿ ಸರಿದ ಸದ್ದು. ಬಾಗಿಲ ತನಕ ಬಂದಿದ್ದಾನೆ. ತಟ್ಟುತ್ತಿದ್ದಾನೆ. ಈ ಮನೆಯಲ್ಲಿ ಅವನು ಯಾವ ಬಾಗಿಲನ್ನೂ ತಟ್ಟಿದವನಲ್ಲ.

"ನೆಲ್ಡಾ," ಎನ್ನುತ್ತಿದ್ದಾನೆ. "ನೆಲ್ಡಾ, ಒಂದು ಕೇಳ್ಲಾ?"

ಚಿಲಕ ತೆಗೆಯುತ್ತೇನೆ.